‘ಪ’ ಬಾರದವನು

ನಾಯಿಫ್ ಸಬ್ಬಾಗನ ಬಾಯಿಗೆ ‘ಪ’ ಬರುತ್ತಿರಲಿಲ್ಲ.
ಪಡುವಾರಹಳ್ಳಿಗೆ ಬಡುವಾರಹಳ್ಳಿ ಎನ್ನುತ್ತಿದ್ದ.
‘ಸರಿಯಾಗೇ ಅಂತಾನೆ ಬುಡು, ಬಡವರ ಹಳ್ಳೀನೇ ತಾನೆ’
ಎಂದಳು ಅವ್ವ, ಬಾಡಿಗೆಯ ನೋಟು ಎಣಿಸುತ್ತ.
ನಾನು ಪುಟ್ಟಿ.
ಅವನಿಗೆ ಬುಟ್ಟಿ.

‘ನಿಮ್ಮ ದೇಶದ ಹೆಸರಲ್ಲೇ “ಪ್ಯಾ” ಇದೆಯಲ್ಲ,
ಹೆಂಗೆ ಕರೀತೀಯ?’ ಅಂದಿದ್ದೆ.
‘ಅದು ಬೇರೆಯವರ ಬಾಯಿ, ಬುಟ್ಟಿ.
ನಮ್ಮ ಬಾಯಲ್ಲಿ ಫಲಸ್ತೀನ್.’

ಓದಲು ಬಂದದ್ದು ರಸಾಯನಶಾಸ್ತ್ರ, ಗಂಗೋತ್ರಿಗೆ.
ಸಂಜೆಯಾದರೆ ಹಿತ್ತಲ ಬಾಗಿಲಲ್ಲಿ ನಿಂತು
ಎರಡು ಹೆಬ್ಬೆರಳು ಎರಡು ತೋರುಬೆರಳು ಜೋಡಿಸಿ
ಕಿಂಡಿ ಮಾಡಿ ನೋಡುವ.
ಎಮ್ಮೆ ಹಾದರೆ ಎಮ್ಮೆಯ ಹಿಂದೆ ಕಿಂಡಿಯೂ ಹೋಗುವುದು,
ಬೀದಿಯ ಕೊನೆಯತನಕ.
ಹುಚ್ಚು ಅಂದರು ಪಕ್ಕದ ಮನೆಯವರು.
ಅವ್ವ ಅನ್ನಲಿಲ್ಲ.

ಎಂಬತ್ಮೂರರ ಬೇಸಿಗೆ. ಕೈಗಡಿಯಾರ ಒತ್ತೆಯಿಟ್ಟು
ಶಿವರಾಂಪೇಟೆಯ ಸ್ಟುಡಿಯೋದಿಂದ ಕ್ಯಾಮೆರಾ ತಂದ.
ಒಂದೇ ಸುರುಳಿ, ಮೂರು ನಿಮಿಷಕ್ಕೆ ಕಮ್ಮಿ.
ತೊಳೆಯಲು ಮದರಾಸಿಗೆ ಕಳಿಸಬೇಕು,
ಕೆಟ್ಟರೆ ಕೆಟ್ಟಿತು.
‘ಅಮ್ಮ ಹಿಟ್ಟು ನಾದೋದು ಬೇಕು’ ಅಂದ.
‘ನಿಮ್ಮಮ್ಮನ್ನೇ ಹಿಡಿಯಪ್ಪ.’
‘ಅಮ್ಮ ಇಲ್ಲ. ಮನೆಯೂ ಇಲ್ಲ.
ಮನೆ ಇದ್ದ ಊರಿಗೆ ನನ್ನನ್ನು ಬಿಡೋದಿಲ್ಲ.
ನಾನು ಹುಟ್ಟಿದ್ದು ಡೇರೆಯಲ್ಲಿ.
ಅಂಗಳ ಹೀಗಿತ್ತು, ಬಾವಿ ಹೀಗಿತ್ತು ಅಂತ ಅಮ್ಮ ಹೇಳಿದ್ದಷ್ಟೇ ಗೊತ್ತು.’
ಅವ್ವ ಸೆರಗು ಸಿಕ್ಕಿಸಿದಳು.
‘ಹಿಟ್ಟು ತಾ ಮತ್ತೆ.’

ತಂದದ್ದು ಮೈದಾ. ರಾಗಿಯ ಕೈಗೆ ಅದು ಅಂಟು.
‘ಥೂ, ಗೋಂದು’ ಎಂದು ಬೈಯುತ್ತಲೇ ನಾದಿದಳು.
ಬಳೆ ತೆಗೆಯಬೇಕಂತೆ, ಅವನಮ್ಮ ಹಾಕುತ್ತಿರಲಿಲ್ಲವಂತೆ.
ಅಲ್ಲಿ ಮಾತ್ರ ಜವರಮ್ಮ ಜಗ್ಗಲಿಲ್ಲ:
ವರ್ಕ್‌ಶಾಪಿಗೆ ಹೋದ ಗಂಡ
ಸಂಜೆ ಸೈಕಲ್ಲಲ್ಲಿ ತಿರುಗಿ ಬರಬೇಕು, ಬಳೆ ತೆಗೆಯೋಲ್ಲ.
ಅವನು ತುಂಬ ಹೊತ್ತು ನೆಲ ನೋಡಿದ.
ಆಮೇಲೆ ‘ಇರಲಿ’ ಎಂದ.

ನನಗೆ ಅಪ್ಪನ ಯುಗಾದಿ ಪಂಚೆ ಕೊಟ್ಟ, ಬಿದಿರಿಗೆ ಬಿಗಿದು.
‘ಬಂಚೆ ಮೇಲೆ, ಬುಟ್ಟಿ. ಇನ್ನೂ ಮೇಲೆ.
ಬಿಸಿಲು ಕೈ ಮೇಲೆ ಬೀಳಬೇಕು, ಮುಖ ಬೇಡ.’

ಆಮೇಲೆ ಹೋದ. ಮೊದಲೆರಡು ವರ್ಷ ಕಾಗದ ಬಂತು:
ಸ್ಟಾಂಪು ಬೆರುತ್‌ನದು, ಬೆರ್ಲಿನ್‌ನದು,
ಕೊನೆಯದು ಓದಲಾಗದ ಯಾವುದೋ ಊರಿನದು.
ಆರು ಸಿನಿಮಾ ಮಾಡಿದನಂತೆ.
ಒಂದರಲ್ಲಿ ಬರೀ ಸಾಲು, ಗೇಟಿನ ಮುಂದೆ, ಬೆಳಗಿಂದ ರಾತ್ರಿ.
ಒಂದರಲ್ಲಿ ಫೋನು ರಿಂಗಾಗುತ್ತದೆ, ಎತ್ತುವವರಿಲ್ಲ.
ಎರಡನ್ನು ಯಾರೂ ಕೊಳ್ಳಲಿಲ್ಲ.
ಒಂದರ ನೆಗೆಟಿವ್ ಮನೆಯ ಜೊತೆ ಸುಟ್ಟಿತು.

ಹೋದ ಮಾಗಿಯಲ್ಲಿ ತೀರಿಕೊಂಡನೆಂದು
ಕಾಲೇಜಿನ ಹುಡುಗರು ಗಂಗೋತ್ರಿಯಲ್ಲಿ ಮೊದಲನೆಯದನ್ನು ತೋರಿಸಿದರು.
ಐವತ್ತು ಕುರ್ಚಿ, ಹನ್ನೊಂದು ಜನ, ಒಂದು ನಾಯಿ.
ಪರದೆ ಬೆಳಗಿತು:
ನಮ್ಮ ಹಿತ್ತಲ ಗೋಡೆ ಅವನ ಅಂಗಳವಾಗಿತ್ತು,
ನಮ್ಮ ಒರಳುಕಲ್ಲು ಬಾವಿಕಟ್ಟೆಯಾಗಿತ್ತು.
ಅವ್ವನ ಕೈ ಮಾತ್ರ
ಅವ್ವನ ಕೈಯೇ ಆಗಿತ್ತು.

ಬಳೆಯ ಸದ್ದಿತ್ತು.
ಕರಪತ್ರದಲ್ಲಿ ಯಾರೋ ಪಂಡಿತರು ಬರೆದಿದ್ದರು,
ಅದು ಸರಪಳಿಯ ಸಂಕೇತವಂತೆ.
ನಡುವೆ ಒಂದು ಸಲ ಬೆಳಕು ಕುಸಿದು ಮತ್ತೆ ಏರುತ್ತದೆ.
ಅದು ಮೋಡ, ವಿಮಾನದ ನೆರಳು, ಮರೆವು,
ಅಂತಲೂ ಬರೆದಿದ್ದರು.
ಅದು ನಾನು.
ಒಂಬತ್ತು ವರ್ಷದ ತೋಳು, ನೋವು ಬಂದು ಇಳಿಸಿದ್ದೆ.
ಬೈದಾನೆಂದು ಎತ್ತಿದ್ದೆ. ಬೈಯಲಿಲ್ಲ.
ಕತ್ತರಿಸಲೂ ಇಲ್ಲ.

ಅವ್ವ ಇದನ್ನು ನೋಡದೆ ಹೋದಳು.
ಇದ್ದಿದ್ದರೆ ‘ಹಿಟ್ಟು ಇನ್ನೂ ಹದವಾಗಬೇಕಿತ್ತು’ ಅನ್ನುತ್ತಿದ್ದಳು.

ಕೊನೆಗೆ ಹೆಸರುಗಳು ಏರಿದವು, ಬಲದಿಂದ ಎಡಕ್ಕೆ,
ನನಗೆ ಓದಲು ಬಾರದವು.
ಪಕ್ಕದಲ್ಲಿ ಉದಯಗಿರಿಯ ತಸ್ನೀಮ್ ಕೂತಿದ್ದಳು,
ಒಂದೊಂದೇ ಅಕ್ಷರ ಕೂಡಿಸುತ್ತ:
‘ಕೈಗಳು: ಜವ... ಜವರಮ್ಮಾ.
ಬೆಳಕು: ಬುಟ್ಟಿ.’
ಅರೆ, ಎಂದು ನಕ್ಕಳು,
‘ಬುಟ್ಟೀಲಿ ಬೆಳಕು ಹಿಡೀತಾರಾ ಆಂಟಿ?’

‘ಅವರಿಗೆ “ಪ” ಬರೋದಿಲ್ಲ ಕಣಮ್ಮ’ ಎಂದೆ.
ತೋಳು ನೋಯುತ್ತಿತ್ತು.